ಸುರಪುರದ ನಳದ ನೀರು

ಮಾಲಗೇರಾದ ಲಾಲಮ್ಮನ ಮನೆಗೆ ಯಾರೇ ಹೋಗಿ ಕುಡಿಯಲು ನೀರು ಕೇಳಿದರೂ ಆಕೆ ತಟ್ಟನೆ ತಂದು ಕೊಡುವುದಿಲ್ಲ. ತಂಬಿಗೆ ಹಿಡಿದ ಕೈ ಕೊಡದ ಹತ್ತಿರ ಒಂದು ಗಳಿಗೆ ನಿಲ್ಲುತ್ತದೆ. ಗೊತ್ತಿಲ್ಲದವರು ಇದೇನು ಜಿಪುಣತನ ಅಂದುಕೊಳ್ಳುತ್ತಾರೆ. ಜಿಪುಣತನವಂತೂ ಅಲ್ಲ, ತಾನು ಉಣ್ಣುವ ರೊಟ್ಟಿಯಲ್ಲಿ ಅರ್ಧ ಮುರಿದು ಕೊಡುವ ಹೆಂಗಸು ಆಕೆ. ಹಿಂದೊಮ್ಮೆ ಮನೆಗೆ ಬಂದವರಿಗೆ ಒಂದು ತಂಬಿಗೆ ನೀರು ಕೊಟ್ಟು ಇಡೀ ಕೇರಿಯ ಬಾಯಿಗೆ ಮಣ್ಣು ಹಾಕಿದೆ ಎಂಬ ನಾಚಿಕೆ ಇನ್ನೂ ಆಕೆಯ ಮೈ ಬಿಟ್ಟಿಲ್ಲ, ಅಷ್ಟೇ.

ಲಾಲಮ್ಮನ ತವರು ಯಾದಗಿರಿ ಕಡೆಯ ಬಳಿಚಕ್ರ. ಮಳೆ ನೋಡಿ ಬಿತ್ತುವ ಊರು. ಮದುವೆಯಾಗಿ ಸುರಪುರ ತಾಲ್ಲೂಕಿನ ಮಾಲಗೇರಾಕ್ಕೆ ಬಂದ ವರ್ಷವೇ ಅಲ್ಲಿ ಕಾಲುವೆ ತೋಡುವ ಕೆಲಸ ನಡೆದಿತ್ತು. ಮೈಯ ಅರಿಶಿನ ಮಾಸುವ ಮೊದಲೇ ಗಂಡ ಮರಿಲಿಂಗಪ್ಪನ ಹಿಂದೆ ಬುಟ್ಟಿ ಹಿಡಿದು ಹೋದಳು. ಅಲ್ಲಿ ಜೊತೆಯಾದವಳು ಪಕ್ಕದ ಮನೆಯ ಕರೆಮ್ಮ. ಲಾಲಮ್ಮನಿಗಿಂತ ಆರೇಳು ವರ್ಷ ದೊಡ್ಡವಳು, ಗಂಡ ಇಲ್ಲದವಳು, ಕೇರಿಗೇ ಗಟ್ಟಿಗಿತ್ತಿ. ಉಳಿದವರು ಒಂದು ಬುಟ್ಟಿ ಮಣ್ಣು ಹೊತ್ತು ಏದುಸಿರು ಬಿಡುವಾಗ ಈಕೆ ಬುಟ್ಟಿಯ ಮೇಲೆ ಬುಟ್ಟಿ ಇಟ್ಟುಕೊಂಡು ದಂಡೆ ಏರುತ್ತಿದ್ದಳು. ಹೊಸ ಮದುವಣಗಿತ್ತಿಯ ತಲೆ ನೋವಾದೀತೆಂದು ತನ್ನ ಸಿಂಬೆಯನ್ನೇ ಬಿಚ್ಚಿ ಲಾಲಮ್ಮನ ತಲೆಗೆ ಇಟ್ಟಿದ್ದಳು.

“ಹೊರು ತಂಗಿ, ಹೊರು. ಈ ನೀರು ನಾಳಿಗಿ ನಮ್ಮ ಹಿತ್ತಲಕ ಬರತದ” ಅನ್ನುತ್ತಿದ್ದಳು.

ನೀರು ಬಂತು. ಎರಡು ವರ್ಷ ಬಂತು. ಆಮೇಲೆ ಮೇಲಿನ ಊರುಗಳವರು ಭತ್ತ ಹಚ್ಚಿದರು. ಭತ್ತಕ್ಕೆ ಎಷ್ಟು ಕುಡಿಸಿದರೂ ಸಾಲದು, ಕಾಲುವೆಯ ಕಟ್ಟಕಡೆಯ ಊರಾದ ಮಾಲಗೇರಾಕ್ಕೆ ತಲುಪುವಷ್ಟರಲ್ಲಿ ನೀರು ಮುಗಿದೇ ಹೋಗುತ್ತಿತ್ತು. ಲಾಲಮ್ಮ, ಕರೆಮ್ಮ ಮಣ್ಣು ಹೊತ್ತು ಕಟ್ಟಿದ ಮರಿಕಾಲುವೆಯಲ್ಲಿ ಜಾಲಿ ಬೆಳೆದು ಆಡು ಮೇಯತೊಡಗಿದವು. ಊರೊಳಗಿನ ಅನುಕೂಲಸ್ಥರು ದೂರದ ಹೊಲಗಳಲ್ಲಿ ಬೋರು ಕೊರೆಸಿ ಸಿಹಿ ನೀರು ತರಿಸಿಕೊಂಡರು. ಕೇರಿಗೆ ಉಳಿದದ್ದು ಹಳೆಯ ಬಾವಿ. ಅದರ ನೀರು ಸವುಳು, ಬಾಯಿಗೆ ಹಾಕಿದರೆ ನಾಲಿಗೆ ಒಗರು. ಬೇಳೆ ಹಾಕಿದರೆ ಬೇಯುವುದಿಲ್ಲ. ಮಕ್ಕಳ ಹಲ್ಲು ಬರುವಾಗಲೇ ಕಂದು ಬಣ್ಣ, ದೊಡ್ಡವರ ಮೊಣಕಾಲು ನಲವತ್ತಕ್ಕೇ ಬಿಗಿ. ಬುಟ್ಟಿಯ ಮೇಲೆ ಬುಟ್ಟಿ ಹೊತ್ತ ಕರೆಮ್ಮ ನಲವತ್ತೈದರ ಹೊತ್ತಿಗೆ ಕಾಲು ಮಡಚಲಾರದೆ ಗೋಡೆ ಹಿಡಿದು ಓಡಾಡುವಂತಾದಳು.

ಹೀಗಿರುವಾಗ ಹಾಲೆಂಡ್ ದೇಶದ ಒಂದು ತಂಡ, ಶಹಾಪುರದ ನೀರಾವರಿ ಕಚೇರಿಯವರ ಜೊತೆ ಸೇರಿ, ಕಾಲುವೆಯ ತುದಿಯ ಊರುಗಳಿಗೆ ಏನಾದರೂ ಮಾಡೋಣ ಎಂದು ಬಂತು. ಬರುವ ಮುಂಚೆ ವಿಷಯ ತಿಳಿಸಲು ಬಂದವರು ಇಬ್ಬರು. ಒಬ್ಬರು ಎಂಜಿನಿಯರ್ ಜಗದೇವಪ್ಪ, ಹಣೆ ತುಂಬ ವಿಭೂತಿ, ಕೆಲಸದಲ್ಲಿ ಚೊಕ್ಕ ಮನುಷ್ಯ. ಇನ್ನೊಬ್ಬರು ಯಾದಗಿರಿಯ ಗೌಹರಬೇಗಂ, ಪರದೇಶದವರ ಮಾತನ್ನು ಕನ್ನಡಕ್ಕೆ, ಕನ್ನಡವನ್ನು ಅವರ ಮಾತಿಗೆ ತಿರುಗಿಸಿ ಹೇಳುವ ಕೆಲಸ ಆಕೆಯದು. ಕೇರಿಯ ಹೆಂಗಸರನ್ನು ಬೇವಿನ ಕಟ್ಟೆಯ ಹತ್ತಿರ ಕೂಡಿಸಿ ಗೌಹರಬೇಗಂ ಬಿಡಿಸಿ ಬಿಡಿಸಿ ಹೇಳಿದಳು. ಐದು ಊರು ನೋಡುತ್ತಾರೆ, ಎರಡನ್ನು ಆರಿಸುತ್ತಾರೆ. ಆರಿಸಿದ ಊರಿಗೆ ನೀರು ಶುದ್ಧ ಮಾಡುವ ಯಂತ್ರ ಬರುತ್ತದೆ, ಮರಿಕಾಲುವೆ ದುರಸ್ತಿಯಾಗುತ್ತದೆ, ನೀರಿನ ಪಾಳಿಯ ಬಗ್ಗೆ ಮೇಲಿನ ಊರಿನವರ ಜೊತೆ ಕೂತು ಮಾತಾಡಲು ಹೆಂಗಸರದೇ ಸಮಿತಿ ಆಗುತ್ತದೆ.

“ಅವರ ದೇಶ ಸಮುದ್ರಕ್ಕಿಂತ ತಗ್ಗಿನ್ಯಾಗ ಅದ. ಒಳಗ ಬಂದ ನೀರು ಹೊರಗ ಹಾಕೂದ ಅವರ ಹಿರಿಯಾರ ಕಾಲದಿಂದ ಕೆಲಸ” ಎಂದಳು ಗೌಹರಬೇಗಂ.

“ಹಂಗಾದ್ರ ಹಾಕೂಮುಂದ ಒಂದೀಟು ಈ ಕಡಿ ಹಾಕ್ರಿ ಅಂತ ಹೇಳ್ರಿ ಬಾಯಾರ” ಎಂದಳು ಕರೆಮ್ಮ. ಜಗದೇವಪ್ಪ ಕೂಡ ನಕ್ಕುಬಿಟ್ಟರು.

ಕೊನೆಗೆ ಗೌಹರಬೇಗಂ ಎರಡೆರಡು ಸಲ ಹೇಳಿದ ಮಾತು ಇದು: “ಅವರು ಮನಿಯಾಗಿನ ಕೊಡದಿಂದ ಸೀಸಾದಾಗ ನೀರು ತುಂಬಿಕೊಂಡು ಹೋಗಿ ಪರೀಕ್ಷೆ ಮಾಡತಾರ. ನೀರು ಎಲ್ಲಿ ಕೆಟ್ಟದ್ದದ ಆ ಊರಿಗಿ ಮೊದಲು ಕೊಡತಾರ.” ಲಾಲಮ್ಮ ಅದನ್ನು ಕಿವಿಯಾರೆ ಕೇಳಿದಳು. ಗೊತ್ತಿರಲಿಲ್ಲ ಎಂದು ಆಕೆ ಮುಂದೆ ಒಮ್ಮೆಯೂ ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ.

ಕೇರಿಯ ಪರವಾಗಿ ಮಾತಾಡಲು ಎಲ್ಲರೂ ಲಾಲಮ್ಮನನ್ನೇ ಮುಂದೆ ಮಾಡಿದರು. ನಾಲ್ಕು ಜನರ ಮುಂದೆ ತೊದಲದೆ ಮಾತಾಡುವವಳು ಆಕೆ ಒಬ್ಬಳೇ. ಬಂದವರು ಕೂಡುವುದೂ ಆಕೆಯ ಮನೆಯಲ್ಲೇ ಎಂದಾಯಿತು. ಹೋಗುವಾಗ ಜಗದೇವಪ್ಪ ಬೈಕ್ ಹತ್ತುತ್ತಾ, “ನಾನೂ ಅವರ ಜೋಡಿ ಒಳಗ ಬರತೇನಿ, ಸ್ವಚ್ಛ ಇಟ್ಟಿರು” ಅಂದರು.

ಆ ಮಾತು ಲಾಲಮ್ಮನ ತಲೆಯಲ್ಲಿ ಹೊಕ್ಕು ಕೂತಿತು. ಕಾರಣ ಇತ್ತು. ಹುಟ್ಟಿದಾಗಿನಿಂದ ಆಕೆ ಊರೊಳಗಿನ ಮನೆಗಳ ಅಂಗಳದಲ್ಲಿ ಬೊಗಸೆ ಒಡ್ಡಿ, ಮೇಲಿಂದ ಸುರಿದ ನೀರನ್ನು ಕುಡಿದವಳು. ಊರೊಳಗಿನವರು ಕೇರಿಗೆ ಬಂದರೆ ಕಟ್ಟೆಯ ಹತ್ತಿರ ನಿಂತೇ ಮಾತು ಮುಗಿಸುತ್ತಿದ್ದರು. ಬಿಸಿಲಿಗೆ ಗಂಟಲು ಒಣಗಿದರೂ ನೀರು ಕೇಳಿದವರಿಲ್ಲ. ಆಕೆಯ ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಪಟಗಳಿದ್ದವು, ತಿಕ್ಕಿ ತೊಳೆದ ಹಿತ್ತಾಳೆ ತಂಬಿಗೆ ಇತ್ತು. ಆ ತಂಬಿಗೆಯಿಂದ ಹೊರಗಿನವರು ಯಾರೂ ಒಂದು ಗುಟುಕು ಕುಡಿದಿರಲಿಲ್ಲ. ಈಗ ಬರುತ್ತಿರುವವರು ಕುಡಿಯುತ್ತಾರೆ. ಅವರು ಕುಡಿದ ಮೇಲೆ ವಿಭೂತಿಯ ಸಾಹೇಬರೂ ಕುಡಿಯಲೇಬೇಕಾಗುತ್ತದೆ. ಹಾಗೆ ಮೊದಲ ಸಲ ಕುಡಿಯುವವರಿಗೆ ಸವುಳು ನೀರು ಹೇಗೆ ಕೊಡುವುದು? ಬಾಯಿಗೆ ಹಾಕಿ ಮುಖ ಸಿಂಡರಿಸಿದರೆ?

ಬರುವ ಹಿಂದಿನ ದಿನ ಆಕೆ ಎರಡು ಕೊಡ ತೆಗೆದುಕೊಂಡು ಬಸ್ಸಿಗೆ ಸುರಪುರಕ್ಕೆ ಹೋದಳು. ರಂಗಂಪೇಟೆಯಲ್ಲಿ ಅಕ್ಕ ಹಣಮಮ್ಮನ ಮನೆ, ಅಂಗಳದಲ್ಲೇ ನಳ. ಎರಡೂ ಕೊಡ ತುಂಬಿ, ಬಾಯಿಗೆ ಒದ್ದೆ ಬಟ್ಟೆ ಬಿಗಿದು, ಮಧ್ಯಾಹ್ನದ ಬಸ್ಸು ಹತ್ತಿದಳು. ಕಂಡಕ್ಟರ್ ಮಕ್ತುಮಸಾಬ ಕೊಡಗಳನ್ನು ನೋಡಿ ಟಿಕೆಟ್ ಹರಿಯುವುದನ್ನೇ ಬಿಟ್ಟ.

“ಏನವ್ವಾ, ನೀರಿಗೂ ಸೀಟ್ ಬೇಕೇನು?”

“ಮನಿಗಿ ಬೀಗರು ಬರೋರದಾರ್ರೀ ಅಣ್ಣಾರ.”

“ಎಂಥಾ ಬೀಗರವ್ವಾ, ಬಸ್ಸಿನ್ಯಾಗ ಬಂದ ನೀರು ಕುಡಿಯೋವಂಥವರು?”

“ಹಾಲೆಂಡದವರ್ರೀ.”

“ಅದ್ಯಾವ ತಾಲ್ಲೂಕಿಗಿ ಬರತದ?”

ಇಡೀ ಬಸ್ಸು ನಕ್ಕಿತು, ಲಾಲಮ್ಮನೂ ನಕ್ಕಳು. ತೊಡೆಯ ನಡುವೆ ಒಂದು ಕೊಡ, ಕಾಲ ಬಳಿ ಒಂದು ಕೊಡ ಹಿಡಿದು, ತುಳುಕಿ ಸೀರೆ ನೆನೆದರೂ ಬಿಡದೆ ಊರು ಮುಟ್ಟಿಸಿದಳು. ಇಳಿದು ಬರುವಾಗ ಕೇರಿಯವರೆಲ್ಲ ನೋಡಿದರು. ಯಾರಿಗೂ ತಪ್ಪು ಅನಿಸಲಿಲ್ಲ. ಬಂದವರಿಗೆ ಚಲೋ ನೀರು ಕೊಡಬಾರದೇನು ಎಂದೇ ಎಲ್ಲರೂ ಅಂದರು. ಕರೆಮ್ಮ ಮಾತ್ರ ಬಾಗಿಲಲ್ಲಿ ನಿಂತು ಎಚ್ಚರಿಸಿದಳು: “ಕುಡಿಯಾಕ ಆ ನೀರು ಕೊಡು ತಂಗಿ. ಸೀಸಾಕ್ಕ ಮಾತ್ರ ನಮ್ಮ ಬಾವೀದ ಹಾಕು. ಮರೀಬ್ಯಾಡ.”

“ಮರಿಯಾಂಗಿಲ್ಲಕ್ಕ” ಎಂದಳು ಲಾಲಮ್ಮ.

ಮರುದಿನ ಹತ್ತಕ್ಕೆ ಜೀಪು ಬಂತು. ಹಾಲೆಂಡಿನವಳ ಹೆಸರು ಹನ್ನಾ, ಬಿಸಿಲಿಗೆ ಕೆಂಪಾದ ಮುಖ, ಬೆಳ್ಳಗಾಗುತ್ತಿದ್ದ ಕೂದಲು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಹಾಸಿದ ಕೌದಿಯ ಮೇಲೆ ಕೂತಳು. ಪಕ್ಕದಲ್ಲಿ ಗೌಹರಬೇಗಂ, ಆಚೆ ಜಗದೇವಪ್ಪ. ಕಿಟಕಿಯಲ್ಲಿ ಊರೊಳಗಿನ ನಾಲ್ಕಾರು ಮುಖ. ಕರೆಮ್ಮ ಮಾತ್ರ ಒಳಕೋಣೆಯ ಬಾಗಿಲ ಮರೆಗೆ ಸರಿದಿದ್ದಳು. ಬಂದವರ ಎದುರು ಕಾಲು ಚಾಚಿ ಕೂಡುವುದು ಮರ್ಯಾದೆಯಲ್ಲ, ಮಡಚಿ ಕೂಡಲು ಕಾಲು ಬಾರದು. ಹೀಗೆ, ತೋರಿಸಬೇಕಾದ ಮೊಣಕಾಲೇ ಮರೆಯಾಯಿತು.

ಲಾಲಮ್ಮ ತಂಬಿಗೆ ತುಂಬಿ ಕೊಟ್ಟಳು. ಹನ್ನಾ ಗಟಗಟ ಕುಡಿದು ನಕ್ಕಳು. ಗೌಹರಬೇಗಂ ಕುಡಿದಳು. ತಂಬಿಗೆ ಜಗದೇವಪ್ಪನವರ ಮುಂದೆ ಬಂತು. ಅವರು ಒಂದು ಕ್ಷಣ ಕಿಟಕಿಯ ಕಡೆ ನೋಡಿದರು, ಹನ್ನಾಳ ಕಡೆ ನೋಡಿದರು, ತಂಬಿಗೆ ಎತ್ತಿ ಕುಡಿದರು. ಗಂಟಲ ಮಣಿ ಮೇಲೆ ಕೆಳಗೆ ಆಡಿದ್ದನ್ನು ಲಾಲಮ್ಮ ಕಣ್ಣಾರೆ ಕಂಡಳು. ಆಕೆಯ ಜೀವ ತುಂಬಿ ಬಂತು. ಮದುವೆಯ ದಿನ ಕೂಡ ಆಕೆಗೆ ಅಷ್ಟು ಹೆಮ್ಮೆ ಆಗಿರಲಿಲ್ಲ.

“ನೀರು ಚಲೋ ಅದಲ್ಲವ್ವಾ” ಎಂದರು ಜಗದೇವಪ್ಪ, ಬಾಯಿ ಒರೆಸಿಕೊಳ್ಳುತ್ತಾ.

ಆಗಲೇ ಹನ್ನಾ ಪೆಟ್ಟಿಗೆ ತೆರೆದು ಸಣ್ಣದೊಂದು ಸೀಸೆ ತೆಗೆದಳು. ಏನೋ ಹೇಳಿದಳು. ಗೌಹರಬೇಗಂ ಅದನ್ನು ಕನ್ನಡಕ್ಕೆ ತಿರುಗಿಸಿದಳು: “ದಿನಾ ಕುಡಿಯೂ ನೀರು ಇದ ಏನ್ರಿ?”

ಬಾವಿಯ ನೀರಿನ ಕೊಡ ಹಿತ್ತಲ ಬಾಗಿಲ ಪಕ್ಕದಲ್ಲೇ ಇತ್ತು, ನಾಲ್ಕು ಹೆಜ್ಜೆ. “ಅಲ್ಲರಿ, ಇದು ನಿಮಗಂತ ತಂದದ್ದು, ನಮ್ಮದು ಅಲ್ಲಿ ಅದ” ಅಂದಿದ್ದರೆ ಮುಗಿದಿತ್ತು. ಆದರೆ ಅಂದರೆ, ಈಗ ತಾನೇ ಸಾಹೇಬರು ಕುಡಿದದ್ದು ತನ್ನ ಮನೆಯ ನೀರಲ್ಲ ಎಂದಾಗುತ್ತಿತ್ತು. ಕಿಟಕಿಯಲ್ಲಿದ್ದವರು, ಅದಕ್ಕೇ ಕುಡಿದರು ಬಿಡು, ಎನ್ನುತ್ತಿದ್ದರು. ಒಂದು ಗಳಿಗೆ ಹಿಂದೆ ಕೈಗೆ ಬಂದದ್ದನ್ನು ಅಷ್ಟು ಬೇಗ ಕೆಳಗಿಡಲು ಲಾಲಮ್ಮನಿಂದ ಆಗಲಿಲ್ಲ.

“ಹೌದ್ರಿ, ಇದ” ಎಂದಳು.

“ಬಾವೀದ ಏನ್ರಿ?”

“ಬಾವೀದ್ರಿ.”

ತನ್ನ ಕೈಯಿಂದಲೇ ಸೀಸೆ ತುಂಬಿ ಕೊಟ್ಟಳು. ಬಾಗಿಲ ಮರೆಯಲ್ಲಿ ಏನೋ ಸರಿದ ಸದ್ದಾಯಿತು. ಕರೆಮ್ಮ ಕೆಮ್ಮಿದಳು. ಮನೆಗೆ ಬಂದವರ ಎದುರು ಮನೆಯಾಕೆಯ ಮಾತನ್ನು ಸುಳ್ಳು ಮಾಡುವ ಪದ್ಧತಿ ಆ ಕೇರಿಯಲ್ಲಿ ಇಲ್ಲ. ಹನ್ನಾ ಸೀಸೆಯ ಮೇಲೆ ಊರಿನ ಹೆಸರು ಬರೆದು ಅಂಟಿಸಿದಳು. ಅದೇ ದಿನ ಇನ್ನೆರಡು ಊರು ನೋಡುವುದಿತ್ತು, ಜೀಪು ಹೊರಟಿತು.

ಅವರು ಹೋದ ಮೇಲೆ ಕರೆಮ್ಮ ಗೋಡೆ ಹಿಡಿದು ಎದ್ದಳು. ಲಾಲಮ್ಮ ಕೈ ಹಿಡಿಯಲು ಹೋದರೆ ಬಿಡಿಸಿಕೊಂಡಳು. “ಯಾಕ ತಂಗಿ?” ಎಂದಳು, ಅಷ್ಟೇ.

“ಬಾಯಿಗಿ ಬರಲಿಲ್ಲಕ್ಕ” ಎಂದಳು ಲಾಲಮ್ಮ.

ನಾಳೆ ಹೋಗಿ ಹೇಳಿಬರುತ್ತೇನೆ ಎಂದುಕೊಂಡಳು. ನಾಳೆ ಹತ್ತಿ ಹೊಲದ ಕಳೆ ತೆಗೆಯುವ ಕೂಲಿ ಬಂತು. ನಾಡಿದ್ದು ಮರಿಲಿಂಗಪ್ಪನಿಗೆ ಜ್ವರ. ಅಷ್ಟು ಸಣ್ಣ ಸೀಸೆಯಿಂದ ಏನಾದೀತು, ಉಳಿದ ಊರುಗಳ ನೀರೂ ನೋಡುತ್ತಾರಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಾಚಿಕೆಯ ಕೆಲಸ ಮಾಡಿದವರಿಗೆ ನೆವಗಳು ಕರೆಯದೇ ಬರುತ್ತವೆ. ಹೀಗೆ ಎರಡು ತಿಂಗಳು ಉರುಳಿಹೋದವು.

ದೀಪಾವಳಿ ಮುಗಿದ ವಾರ ಜಗದೇವಪ್ಪ ಶಾಲೆಯ ಅಂಗಳದಲ್ಲಿ ಊರವರನ್ನು ಕೂಡಿಸಿ ಸಂತೋಷದಿಂದಲೇ ಹೇಳಿದರು: ಐದು ಊರುಗಳಲ್ಲಿ ಮಾಲಗೇರಾದ ನೀರೇ ಎಲ್ಲಕ್ಕಿಂತ ಒಳ್ಳೆಯದು, ಕುಡಿಯಲು ಏನೂ ತೊಂದರೆಯಿಲ್ಲ, ಆದ್ದರಿಂದ ಯಂತ್ರ ಮತ್ತು ಕಾಲುವೆ ದುರಸ್ತಿ ಆಚೆಯ ಎರಡು ಊರಿಗೆ. ಕೇರಿಯವರು ಒಬ್ಬೊಬ್ಬರಾಗಿ ತಲೆ ತಿರುಗಿಸಿ ಲಾಲಮ್ಮನನ್ನು ನೋಡಿದರು. ಆಕೆ ಸೆರಗು ಮುಖಕ್ಕೆ ಎಳೆದುಕೊಂಡು ಎದ್ದುಹೋದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕೇರಿಯವರು ಬೈದಿದ್ದರೆ ಒಳ್ಳೆಯದಿತ್ತು. ಮರಿಲಿಂಗಪ್ಪ ಬೈದ. ಉಳಿದವರು ಬಾವಿಯ ಹತ್ತಿರ ಆಕೆ ಹೋದಾಗ ಮಾತು ನಿಲ್ಲಿಸುತ್ತಿದ್ದರು, ಆಕೆ ತುಂಬಿಕೊಂಡು ಹೋಗಲೆಂದು ಸರಿದು ಜಾಗ ಬಿಡುತ್ತಿದ್ದರು. ನಾಲ್ಕನೆಯ ದಿನ ಕರೆಮ್ಮ ಕೋಲೂರಿಕೊಂಡು ಬಾಗಿಲಿಗೆ ಬಂದಳು. ಲಾಲಮ್ಮ ಒಲೆಯ ಮುಂದಿಂದ ಏಳಲಿಲ್ಲ, ಮುಖ ಎತ್ತಲಿಲ್ಲ.

“ತಂಗಿ, ಆ ಸುರಪುರದ ನೀರು ಉಳದದೇನು?”

“ಇಲ್ಲಕ್ಕ.”

“ಒಂದೀಟು ರುಚಿ ನೋಡಬೇಕಂತ ಬಂದಿದ್ದೆ. ನಮ್ಮ ಬಾವಿ ನೀರು ಅಷ್ಟು ಚಲೋ ಅದಾವು ಅಂತ ನನಗ ಗೊತ್ತ ಇರಲಿಲ್ಲ ನೋಡು.”

ಕರೆಮ್ಮ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ತಿರುಗಿ ಕೋಲೂರಿಕೊಂಡು ಹೋದಳು. ಮಡಚಲಾಗದ ಆ ಎರಡು ಕಾಲು ಒಂದರ ಹಿಂದೊಂದು ಅಂಗಳ ದಾಟುವುದನ್ನು ಲಾಲಮ್ಮ ಕೂತಲ್ಲಿಂದಲೇ ನೋಡಿದಳು. ರೊಟ್ಟಿ ಹೆಂಚಿನ ಮೇಲೆ ಸೀದು ಹೋಯಿತು. ಮರುದಿನ ಮೊದಲ ಬಸ್ಸಿಗೆ ಶಹಾಪುರಕ್ಕೆ ಹೊರಟಳು.

ಕಚೇರಿಯಲ್ಲಿ ಗೌಹರಬೇಗಂ, ಜಗದೇವಪ್ಪ ಇಬ್ಬರೂ ಇದ್ದರು. ಕುರ್ಚಿ ತೋರಿಸಿದರೂ ಲಾಲಮ್ಮ ಕೂಡಲಿಲ್ಲ.

“ಸೀಸಾದಾಗಿನ ನೀರು ನಮ್ಮ ಬಾವೀದಲ್ರಿ. ಸುರಪುರದಾಗ ನಮ್ಮಕ್ಕನ ಮನಿ ನಳದ್ರಿ.”

“ಅವತ್ತ ನಾ ಕೇಳಿದ್ನಲ್ಲ ಲಾಲಮ್ಮ, ದಿನಾ ಕುಡಿಯೂ ನೀರು ಇದ ಏನಂತ” ಎಂದಳು ಗೌಹರಬೇಗಂ.

“ಕೇಳಿದ್ರಿ ಬಾಯಾರ. ನಾ ಸುಳ್ಳ ಹೇಳಿದೆ.”

ಜಗದೇವಪ್ಪನವರ ಮುಖ ಕೆಂಪಾಯಿತು. “ಬುದ್ಧಿ ಅದ ಏನು ನಿನಗ? ಎಲ್ಲಾ ಬರದು ಕಳಿಸಿ ಆಗ್ಯದ. ಈಗ ನಾ ಅವರಿಗಿ ಏನಂತ ಮುಖ ತೋರಿಸ್ಲಿ? ಹಂಗ ಯಾಕ ಮಾಡಿದಿ, ಅದನ್ನರ ಹೇಳು.”

ಲಾಲಮ್ಮ ನೆಲ ನೋಡುತ್ತಲೇ ಹೇಳಿದಳು: “ನಮ್ಮ ಮನ್ಯಾಗ ನೀವು ನೀರು ಕುಡೀತೀರಿ ಅಂತ ಆಸಿ ಆಗಿತ್ರಿ ಸಾಹೇಬ್ರ. ಚಲೋ ನೀರು ಕೊಡಬೇಕಂತ ಮಾಡಿದೆ.”

ಜಗದೇವಪ್ಪ ಮೇಜಿನ ಮೇಲಿದ್ದ ಕಾಗದಗಳನ್ನು ಸರಿಯಾಗಿದ್ದರೂ ಮತ್ತೆ ಸರಿಮಾಡಿದರು. ಗೌಹರಬೇಗಂ ಹೇಳಿದಳು, ಗುರುವಾರ ಹನ್ನಾ ಆಚೆಯ ಊರಿಗೆ ಬರುತ್ತಾಳೆ, ದಾರಿ ಮಾಲಗೇರಾದ ಮೇಲೆಯೇ. ಜೀಪು ನಿಲ್ಲಿಸುವುದು ತನ್ನ ಜವಾಬ್ದಾರಿ, ಹೇಳುವುದು ಲಾಲಮ್ಮನದು.

ಗುರುವಾರ ಕೇರಿಯವರಷ್ಟೇ ಅಲ್ಲ, ಸುದ್ದಿ ತಿಳಿದು ಊರೊಳಗಿನವರೂ ಬೇವಿನ ಕಟ್ಟೆಯ ಹತ್ತಿರ ಬಂದು ನಿಂತಿದ್ದರು. ಲಾಲಮ್ಮ ಎಲ್ಲರೆದುರು ಬಾವಿಗೆ ಹಗ್ಗ ಬಿಟ್ಟು ಸೇದಿ, ಅದೇ ಹಿತ್ತಾಳೆ ತಂಬಿಗೆ ತುಂಬಿದಳು. ಜೀಪಿನಿಂದ ಇಳಿದ ಹನ್ನಾಳ ಮುಂದೆ ಒಯ್ದು ಹಿಡಿದಳು. ಬಂದವರಿಗೆ ಕೆಟ್ಟ ನೀರು ಕೊಡುವುದೆಂದರೆ ಆಕೆಗೆ ಸೀರೆ ಬಿಚ್ಚಿ ನಿಂತಷ್ಟು ಅವಮಾನ.

“ಹೇಳ್ರಿ ಬಾಯಾರ, ಇದು ನಾವು ದಿನಾ ಕುಡಿಯೂ ನೀರು ಅಂತ. ಅವತ್ತಿಂದು ನಾ ಸುರಪುರದಿಂದ ತಂದದ್ದು ಅಂತ ಹೇಳ್ರಿ.”

ಗೌಹರಬೇಗಂ ಹೇಳಿದಳು. ಹನ್ನಾ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಒಂದು ಕ್ಷಣ ತಡೆದಳು, ತಡೆಯಲಾಗಲಿಲ್ಲ. ಪಕ್ಕಕ್ಕೆ ಬಾಗಿ ಉಗುಳಿಬಿಟ್ಟಳು. ತನ್ನ ತಂಬಿಗೆಯ ನೀರನ್ನು ಒಬ್ಬರು ಉಗುಳುವುದನ್ನು ಊರೆಲ್ಲ ನೋಡುತ್ತಿರುವಾಗ ಲಾಲಮ್ಮ ನೋಡಿದಳು. ಯಾವುದಕ್ಕೆ ಅಂಜಿ ಸುಳ್ಳು ಹೇಳಿದ್ದಳೋ ಅದೇ ಆಗಿತ್ತು, ಅದೂ ತಾನೇ ಕರೆದು ಮಾಡಿಸಿಕೊಂಡದ್ದು. ಆಮೇಲೆ ತಂಬಿಗೆಯನ್ನು ಜಗದೇವಪ್ಪನವರ ಕಡೆ ಹಿಡಿದಳು. ಅವರು ಕೈ ಅಡ್ಡ ಆಡಿಸಿದರು.

“ನನಗ ಬ್ಯಾಡವ್ವಾ” ಎಂದರು.

ಬೇಡವಾದದ್ದು ಸವುಳು ನೀರೋ, ಲಾಲಮ್ಮನ ತಂಬಿಗೆಯೋ, ಆಕೆಗೆ ತಿಳಿಯಲಿಲ್ಲ. ಕೇಳುವ ಮುಖವನ್ನು ತಾನೇ ಕಳೆದುಕೊಂಡಿದ್ದೇನೆ ಅನಿಸಿ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟಳು.

ಅಷ್ಟರಲ್ಲಿ ಕರೆಮ್ಮ ಕೋಲೂರಿಕೊಂಡು ಬಂದು, ಎಲ್ಲರ ನಡುವೆ ಕಟ್ಟೆಯ ಮೇಲೆ ಕೂತು, ಸೀರೆ ಸರಿಸಿ ಎರಡೂ ಕಾಲನ್ನು ಬಿಸಿಲಿಗೆ ಚಾಚಿದಳು. ಹನ್ನಾ ಆ ಮೊಣಕಾಲುಗಳ ಮುಂದೆ ಮಣ್ಣಿನಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದಳು. ಸೀಸೆ ತೆಗೆದು ಲಾಲಮ್ಮನ ಕೈಗೆ ಕೊಟ್ಟಳು. ಲಾಲಮ್ಮ ತುಂಬಿದಳು.

ಆ ವರ್ಷದ ಆಯ್ಕೆ ಆಗಲೇ ಮುಗಿದಿತ್ತು. ಯಂತ್ರ ಮಾಲಗೇರಾಕ್ಕೆ ಬಂದದ್ದು ಎರಡು ವರ್ಷದ ಮೇಲೆ, ಮರಿಕಾಲುವೆಯ ಜಾಲಿ ಕಿತ್ತದ್ದು ಅದಕ್ಕೂ ಆಮೇಲೆ. ಈಗ ಪಾಳಿಯ ಪ್ರಕಾರ ಹದಿನೈದು ದಿನಕ್ಕೊಮ್ಮೆ ಕಾಲುವೆಯಲ್ಲಿ ನೀರು ಬರುತ್ತದೆ, ಬರದಿದ್ದಾಗ ಹೆಂಗಸರು ಮೇಲಿನ ಊರಿಗೆ ಹೋಗಿ ಕೂತು ಕೇಳುತ್ತಾರೆ. ಆದರೆ ಆ ಎರಡು ವರ್ಷದಲ್ಲಿ ಕರೆಮ್ಮನ ಕೋಲೂ ಹೋಯಿತು. ಆಮೇಲೆ ಆಕೆ ಕೂತಲ್ಲೇ ಉಳಿದಳು. ಒಳ್ಳೆಯ ನೀರು ಬಂದಿತೆಂದು ಬಿಗಿದ ಎಲುಬು ಸಡಿಲಾಗುವುದಿಲ್ಲ.

ಯಂತ್ರದ ಮನೆಯ ಕೀಲಿಕೈಯನ್ನು ಸಮಿತಿಯವರು ಲಾಲಮ್ಮನಿಗೆ ಕೊಡಲು ಬಂದಾಗ ಆಕೆ ಕೈ ಹಿಂದೆ ಎಳೆದುಕೊಂಡಳು. “ಕರೆಮ್ಮಕ್ಕಗ ಕೊಡ್ರಿ” ಎಂದಳು. ಅಂದಿನಿಂದ ದಿನಾ ಬೆಳಗ್ಗೆ ಲಾಲಮ್ಮ ಮತ್ತು ಮರಿಲಿಂಗಪ್ಪ ಕರೆಮ್ಮನನ್ನು ಮಂಚದ ಸಮೇತ ಎತ್ತಿ ತಂದು ಯಂತ್ರದ ಮನೆಯ ಬಾಗಿಲಲ್ಲಿ ಇಡುತ್ತಾರೆ. ಕೀಲಿ ತೆಗೆಯುವವಳು ಆಕೆ, ಪಾಳಿ ಹಚ್ಚುವವಳು ಆಕೆ. ಊರೊಳಗಿನ ಹೆಂಗಸರೂ ಬೋರು ಬತ್ತಿದ ಮೇಲೆ ಅದೇ ಸಾಲಿನಲ್ಲಿ ನಿಲ್ಲುತ್ತಾರೆ.

ಲಾಲಮ್ಮನ ಪಾಳಿ ಬಂದಾಗ ಕರೆಮ್ಮ ಒಂದೇ ಮಾತು ಕೇಳುತ್ತಾಳೆ. ವರ್ಷಗಳು ಕಳೆದರೂ ಒಂದು ದಿನ ತಪ್ಪಿಸಿಲ್ಲ.

“ಯಾಕ ತಂಗಿ, ಬೀಗರು ಬರೋರದಾರೇನು?”

“ಇಲ್ಲಕ್ಕ.”

“ದಿನಾ ಕುಡಿಯೂ ನೀರು ಇದ ಏನು?”

ಸಾಲಿನಲ್ಲಿದ್ದ ಹೆಂಗಸರು ನಗುತ್ತಾರೆ, ಕರೆಮ್ಮನೂ ನಗುತ್ತಾಳೆ. ಲಾಲಮ್ಮನೂ ನಗಲು ನೋಡುತ್ತಾಳೆ, ನಗು ಬರುವುದಿಲ್ಲ. ಮಂಚದ ಮೇಲೆ ಚಾಚಿದ ಆ ಎರಡು ಕಾಲುಗಳ ಮೇಲೆ ಕಣ್ಣಿಟ್ಟು ಉತ್ತರ ಹೇಳುತ್ತಾಳೆ.

“ಹೌದಕ್ಕ, ಇದ.”

ಹೇಳಿ, ಮೊದಲ ತಂಬಿಗೆ ಕರೆಮ್ಮನ ಕೈಗೆ ಕೊಟ್ಟು, ಆಕೆ ಕುಡಿದು ಮುಗಿಸುವವರೆಗೂ ಅಲ್ಲೇ ನಿಂತಿರುತ್ತಾಳೆ.